ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಕಾಳಿನ ಚಮಚದ ಹಿಡಿ: ಎರಡೂವರೆ ವರ್ಷದ ಬಳಕೆಯ ಅನುಭವ

ಪಾರ್ಶ್ವವಾಯುವಿನ ನಂತರ ನಮ್ಮ ತಂದೆಯವರ ಬಲಗೈಯ ಹಿಡಿತ ಸಡಿಲವಾಗಿ, ಮನೆಯ ಸ್ಟೀಲ್ ಚಮಚದ ತೆಳು ಹಿಡಿ ಬೆರಳುಗಳ ನಡುವೆ ತಿರುಗಿಬಿಡುತ್ತಿತ್ತು. ಸಾರನ್ನ ತುಟಿಯ ಬಳಿ ಬರುವಷ್ಟರಲ್ಲಿ ಪಂಚೆಯ ಮೇಲಿರುತ್ತಿತ್ತು. ಎಡಗೈಯಲ್ಲಿ ಉಣ್ಣಲು ಅವರು ಒಪ್ಪಲಿಲ್ಲ, ಇನ್ನೊಬ್ಬರು ತಿನ್ನಿಸುವುದನ್ನಂತೂ ಸಹಿಸಲಿಲ್ಲ.

ಮೊದಲು ಏ.ಸಿ. ಪೈಪಿಗೆ ಸುತ್ತುವ ಕಪ್ಪು ಫೋಮ್ ಕೊಳವೆಯನ್ನು ಕತ್ತರಿಸಿ ಚಮಚಕ್ಕೆ ತೊಡಿಸಿದೆ. ಹಿಡಿತವೇನೋ ಸಿಕ್ಕಿತು, ಆದರೆ ಕೊಳವೆಯೊಳಗೆ ನೀರೂ ಜಿಡ್ಡೂ ಇಳಿದು ತಿಂಗಳೊಳಗೆ ವಾಸನೆ ಹಿಡಿಯಿತು. ಆಮೇಲೆ ತರಿಸಿದ್ದು ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಪ್ಲಾಸ್ಟಿಕ್ಕಿನ ಕಾಳು. ಸಾಬಕ್ಕಿಯಂತೆ ಕಾಣುವ ಈ ಬಿಳಿ ಕಾಳು ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ, ಬೆಂದ ಸಾಬಕ್ಕಿಯ ಹಾಗೆಯೇ, ಪಾರದರ್ಶಕವಾಗಿ ಒಂದಕ್ಕೊಂದು ಅಂಟಿಕೊಂಡು ಕಣಕದಂತೆ ನಾದಲು ಬರುತ್ತದೆ. ತಣಿದರೆ ಮತ್ತೆ ಬೆಳ್ಳಗಾಗಿ ಗಟ್ಟಿಯಾಗುತ್ತದೆ.

ಇದು ನುಣುಪಾದ ಸ್ಟೀಲಿಗೆ ಸರಿಯಾಗಿ ಅಂಟುವುದಿಲ್ಲ ಎಂಬುದು ಮೊದಲ ಹಿಡಿ ವಾರದಲ್ಲೇ ಕಳಚಿ ಬಂದಾಗ ತಿಳಿಯಿತು. ಚಮಚದ ಬಾಲಕ್ಕೆ ಎರಡು ತೂತು ಕೊರೆದು, ಮೆತ್ತಗಿನ ಉಂಡೆಯನ್ನು ಅವುಗಳೊಳಗೆ ತೂರುವಂತೆ ಒತ್ತಿದ ಮೇಲೆ ಹಿಡಿ ಅಲುಗಾಡಲಿಲ್ಲ. ಕೈ ಸುಡದಷ್ಟು ಆರಿದಾಗ ತಂದೆಯವರೇ ಅದನ್ನು ಹಿಡಿದು ಐದು ನಿಮಿಷ ಕುಳಿತರು; ಅವರ ನಾಲ್ಕು ಬೆರಳುಗಳ ಗುಳಿ, ಹೆಬ್ಬೆರಳು ಊರುವ ತಗ್ಗು, ಎಲ್ಲವೂ ಇದ್ದಂತೆಯೇ ಮೂಡಿದವು. ಅಂಗಡಿಯಲ್ಲಿ ಕೊಳ್ಳುವ ದಪ್ಪ ಹಿಡಿಯ ಚಮಚದಲ್ಲಿ ಈ ಗುಳಿಗಳು ಎಲ್ಲಿಂದ ಬರಬೇಕು? ಅವರ ಮಣಿಕಟ್ಟೂ ತಿರುಗದ ಕಾರಣ ಚಮಚದ ಕತ್ತನ್ನು ಇಕ್ಕಳದಿಂದ ಬಾಯಿಯ ಕಡೆಗೆ ಬಾಗಿಸಿದೆ. ಬಾಯೊಳಗೆ ಹೋಗುವ ಭಾಗಕ್ಕೆ ಮಾತ್ರ ಈ ಪ್ಲಾಸ್ಟಿಕ್ಕನ್ನು ಸೋಕಿಸಿಲ್ಲ.

ಇದರ ದೊಡ್ಡ ದೋಷ ಬಿಸಿಯನ್ನು ತಡೆಯದಿರುವುದು. ಒಮ್ಮೆ ಯಾರೋ ಚಮಚವನ್ನು ಉಳಿದ ಪಾತ್ರೆಗಳೊಂದಿಗೆ ಕುದಿಯುವ ನೀರಿಗೆ ಹಾಕಿದ್ದರಿಂದ ಹಿಡಿ ಕರಗಿ ಬೋಗುಣಿಯ ತಳದಲ್ಲಿ ಅಂಟಿನಂತೆ ಹರಡಿಕೊಂಡಿತ್ತು. ಸಾರಿನ ಬಿಸಿ ಪಾತ್ರೆಗೆ ಒರಗಿಸಿಟ್ಟರೂ ಹಿಡಿ ಡೊಂಕಾಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲೇ ತೊಳೆಯಬೇಕು. ಅರಿಸಿನದ ಕಲೆಯಂತೂ ಹೋಗುವುದಿಲ್ಲ, ನಮ್ಮದು ಈಗ ಪೂರ್ತಿ ಹಳದಿ. ಸುಮಾರು 60 ಗ್ರಾಂ ಕಾಳಿನ ಮೊದಲ ಹಿಡಿ ನಿತ್ರಾಣದ ಕೈಗೆ ತುಸು ಭಾರವೂ ಆಗಿತ್ತು.

ಆದರೆ ಕರಗುವ ಆ ದೋಷವೇ ನಮ್ಮ ಉಪಯೋಗಕ್ಕೂ ಬಂತು. ವ್ಯಾಯಾಮದಿಂದ ಬೆರಳುಗಳು ಚೇತರಿಸಿಕೊಂಡಂತೆ ಅದೇ ಹಿಡಿಯನ್ನು ಕರಗಿಸಿ, ಪ್ರತಿ ಸಲವೂ ಒಂದಿಷ್ಟು ತೆಗೆದು ತೆಳುವಾಗಿಸಿ, ಮೂರು ಬಾರಿ ಮರುರೂಪಿಸಿದ್ದೇನೆ. ತೆಗೆದಿಟ್ಟ ಚೂರುಗಳಿಂದ ಅವರ ಹಲ್ಲುಜ್ಜುವ ಬ್ರಷ್ಷಿಗೂ ಒಂದು ಹಿಡಿಯಾಯಿತು.

ರಾಗಿಮುದ್ದೆಗೆ ಮಾತ್ರ ಇದು ಒಗ್ಗಲಿಲ್ಲ. ಚಮಚದಿಂದ ಮುರಿಯಹೋದರೆ ಮುದ್ದೆ ಚಮಚಕ್ಕೇ ಮೆತ್ತಿಕೊಳ್ಳುತ್ತದೆ, ತಟ್ಟೆಯೂ ಜಾರುತ್ತದೆ. ಒದ್ದೆ ಬಟ್ಟೆಯ ಮೇಲೆ ತಟ್ಟೆಯಿಟ್ಟು, ಸಣ್ಣ ತುತ್ತುಗಳನ್ನು ನಾವೇ ಮುರಿದು ಸಾರಿನಲ್ಲಿ ಹಾಕಿಕೊಡುತ್ತೇವೆ. ತಂದೆಯವರಿಗೆ ನುಂಗುವ ತೊಂದರೆಯಿಲ್ಲದಿರುವುದರಿಂದ ಅವನ್ನು ಒಂದೊಂದಾಗಿ ಚಮಚದಲ್ಲಿ ಎತ್ತಿಕೊಂಡು ಉಣ್ಣುತ್ತಾರೆ.