ಇಂಜೆಕ್ಟರ್ ಮೈಮೇಲಿನ ನಂಬರ್ ಓದಿಕೊಟ್ಟ ಮೈಸೂರಿನ ಮಂಡಿ ಮೊಹಲ್ಲಾದ ಅಂಗಡಿ

ಮೊದಲೇ ಹೇಳಿಬಿಡುತ್ತೇನೆ. ಈ ಅಂಗಡಿಯಲ್ಲಿ ಕೂರಲು ಸ್ಟೂಲ್ ಇಲ್ಲ, ಬೋರ್ಡಿನ ಅಕ್ಷರ ಅಳಿಸಿಹೋಗಿದೆ, ಬೈಕ್ ನಿಲ್ಲಿಸಲು ಜಾಗ ಹುಡುಕುವುದಕ್ಕೇ ಹತ್ತು ನಿಮಿಷ ಬೇಕು. ಆದರೂ ಮಂಡ್ಯದಿಂದ ಎರಡು ಸಲ ಹೋಗಿ ಬಂದೆ.

ನಾನು ಬೆಲ್ಲದ ಮಂಡಿಯಲ್ಲಿ ಲೆಕ್ಕ ಬರೆಯುವವನು. ಬೈಕು 125 ಸಿಸಿ ಹೋಂಡಾ, ಬಿಎಸ್ 6 ಹೊಗೆ ನಿಯಮ ಬಂದ 2020ರದ್ದು. ಅಂದರೆ ಕಾರ್ಬುರೇಟರ್ ಇಲ್ಲ, ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್. ಔಷಧಿ ಹೊಡೆಯುವ ಪಂಪಿಗೆಂದು ಹಳೇ ಕ್ಯಾನಿನಲ್ಲಿಟ್ಟಿದ್ದ ಪೆಟ್ರೋಲು ಸುಮ್ನೆ ದಂಡ ಆಗುತ್ತದಲ್ಲ ಅಂತ ಟ್ಯಾಂಕಿಗೆ ಸುರಿದೆ. ತಪ್ಪು ನನ್ನದೇ. ವಾರದೊಳಗೆ ಬೆಳಿಗ್ಗೆ ಸ್ಟಾರ್ಟ್ ಆಗಲು ಹಟ, ಶ್ರೀರಂಗಪಟ್ಟಣ ದಾಟುವಾಗ ಜಗ್ಗಾಟ.

ಊರಿನ ಗ್ಯಾರೇಜಿನಲ್ಲಿ ‘ಇಂಜೆಕ್ಟರ್ ಹೋಯ್ತು ಕಣಣ್ಣ, ಬೇರೆ ಹಾಕ್ಸು’ ಅಂದರು. ಆನ್‌ಲೈನಿನಲ್ಲಿ ಫೋಟೋ ನೋಡಿ ಒಂದು ತರಿಸಿದೆ. ಅದೇ ಬಣ್ಣದ ಸಾಕೆಟ್, ಅದೇ ಉದ್ದ. ಸರಿಯಾಗಿ ಕೂತಿತು, ಬೈಕೂ ಸ್ಟಾರ್ಟ್ ಆಯಿತು. ಆದರೆ ಹಸಿ ಪೆಟ್ರೋಲ್ ವಾಸನೆ, ಪ್ಲಗ್ ಮೇಲೆ ಕಪ್ಪು ಮಸಿ, ಲೀಟರಿಗೆ 55 ಕೊಡುತ್ತಿದ್ದದ್ದು 38ಕ್ಕೆ ಇಳಿಯಿತು.

ಎರಡನ್ನೂ ಜೇಬಿಗೆ ಹಾಕಿಕೊಂಡು ಮೈಸೂರಿಗೆ ಹೋದೆ. ಅಂಗಡಿಯ ಭಾಯಿ ಬೈಕನ್ನು ಕೇಳಲೇ ಇಲ್ಲ. ಹಳೇ ಇಂಜೆಕ್ಟರನ್ನು ಬಟ್ಟೆಯಲ್ಲಿ ಒರೆಸಿ, ಅದರ ಮೈಮೇಲೆ ಸ್ಕೂಲಿನ ಸೀಮೆಸುಣ್ಣ ತಿಕ್ಕಿ, ಬೆರಳಿನಿಂದ ಸವರಿದರು. ಮಸುಕಾಗಿದ್ದ ಕೆತ್ತನೆಯೊಳಗೆ ಬಿಳಿ ಕೂತು ಅಕ್ಷರಗಳು ಎದ್ದು ಬಂದವು! ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದು, ಭೂತಗನ್ನಡಿಯಲ್ಲಿ ನನಗೂ ತೋರಿಸಿದರು.

‘ಮೇಲಿನ ಸಾಲು ಇಂಜೆಕ್ಟರ್ ಮಾಡಿದವರ ನಂಬರ್ ಸಾರ್. ಕೆಳಗಿನದು ಬ್ಯಾಚು, ತಯಾರಾದ ದಿನದ ಕೋಡು. ಕೆಳಗಿನದು ಬೇರೆ ಇದ್ದರೆ ಚಿಂತೆ ಇಲ್ಲ, ಮೇಲಿನದು ಬೇರೆ ಇದ್ದರೆ ವಾಪಸ್ ಕೊಡಿ.’

ನನ್ನ ಎರಡು ಇಂಜೆಕ್ಟರಿನಲ್ಲಿ ಮೇಲಿನದೇ ಬೇರೆ ಇತ್ತು. ಹೋಂಡಾ ಪ್ಯಾಕೆಟ್ ಮೇಲೆ 16450 ಅಂತ ಶುರುವಾದರೆ ಅದು ಇಂಜೆಕ್ಟರ್ ಎಂದರ್ಥ. ನಡುವಿನ ಮೂರು ಅಕ್ಷರ ಯಾವ ಮಾಡೆಲ್‌ಗೆಂದು ಮಾಡಿದ್ದು ಅನ್ನುವುದಕ್ಕೆ. ಆದರೆ ಮೈಮೇಲೆ ಇರುವುದು ಸಾಮಾನ್ಯವಾಗಿ ಕೈಹಿನ್‌ನಂಥ ತಯಾರಕರ ಸ್ವಂತ ನಂಬರ್. ಎರಡನ್ನೂ ಹೋಲಿಸಿ ‘ಡೂಪ್ಲಿಕೇಟ್’ ಅಂತ ಜಗಳಕ್ಕೆ ಬರುವವರು ಜಾಸ್ತಿ ಅಂತೆ.

ಮೀಟರ್ ಹಿಡಿದರೆ ಎರಡರ ವಿದ್ಯುತ್ ತಡೆಯೂ ಹತ್ತಿರಹತ್ತಿರ 12 ಓಮ್. ಅಲ್ಲಿ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಮೂತಿ ನೋಡಿದಾಗ ಹಳೆಯದಕ್ಕೆ 6 ತೂತು, ಹೊಸದಕ್ಕೆ 8. ತೂತು ಎಣಿಸಿ ಪೆಟ್ರೋಲ್ ಅಳೆಯಲು ಆಗಲ್ಲ, ತೂತಿನ ಗಾತ್ರವೂ ಬೇಕು ಅಂದರು. ಆಮೇಲೆ ಗಾಜಿನ ಕೊಳವೆಗಳ ಟೆಸ್ಟ್ ಬೆಂಚಿಗೆ ಎರಡನ್ನೂ ಹಾಕಿ, 3 ಬಾರ್ ಒತ್ತಡದಲ್ಲಿ ಒಂದೇ ಹೊತ್ತು ಓಡಿಸಿದರು. ಹೊಸದರ ಕೊಳವೆ ಸರಸರ ತುಂಬಿತು. ಬೈಕಿನ ಕಂಪ್ಯೂಟರ್ ಆದ ಇಸಿಯು ಇಷ್ಟು ಹೊತ್ತು ತೆರೆದಿರು ಅಂತ ಹೇಳುತ್ತದೆಯೇ ಹೊರತು ಇಷ್ಟು ಸುರಿ ಅಂತ ಹೇಳಲ್ಲ. ಅಷ್ಟೇ ಹೊತ್ತಿನಲ್ಲಿ ಇದು ಜಾಸ್ತಿ ಸುರಿಯುತ್ತಿತ್ತು. ಹಳೆಯದು ಹಸುವಿನ ಹಾಲು ಕರೆದ ಹಾಗೆ ಒಂದೇ ಎಳೆ.

ಅಪ್ಪನ ಜಾವಾ ಇದೇ ಮೈಸೂರಿನ ಯಾದವಗಿರಿಯಲ್ಲಿ ಹುಟ್ಟಿದ್ದು. ಅದರ ಕಾರ್ಬುರೇಟರ್ ಜೆಟ್‌ನ ನಂಬರ್ ದೊಡ್ಡದಾದರೆ ತೂತು ದೊಡ್ಡದು, ಅಷ್ಟೇ ಲೆಕ್ಕ. ಇಂಜೆಕ್ಟರ್ ನಂಬರ್ ಹಾಗಲ್ಲ. ಬೆಲ್ಲದ ಲಾಟ್ ಚೀಟಿ ಇದ್ದಂತೆ, ಪುಸ್ತಕ ತೆಗೆದು ನೋಡದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ.

ಹಳೆಯದನ್ನೇ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆದು ಮತ್ತೆ ಬೆಂಚಿಗೆ ಹಾಕಿದಾಗ ಎಳೆ ಹೋಗಿ ಮಂಜಿನಂತೆ ಹರಡಿತು. ಹೊಸ ಓ-ರಿಂಗ್ ಸೇರಿ 450 ರೂಪಾಯಿ. ಯುಪಿಐ ಇದೆ, ಬಿಲ್ ಇಲ್ಲ. ಲೆಕ್ಕದವನಾದ ನನಗೆ ಇದೊಂದು ಸರಿಬರಲಿಲ್ಲ. ಕೇಳಿದರೆ ಒಂದು ರಟ್ಟಿನ ಚೂರಿನ ಮೇಲೆ ಬರೆದುಕೊಟ್ಟರು. ಎರಡು ಗಂಟೆ ಕಾಯಿಸಿದರು ಕೂಡ.

ಮೈಲೇಜ್ ಈಗ 54. ಎರಡನೇ ಸಲ ಹೋದದ್ದು ಭಾವನ ಸ್ಕೂಟರಿನ ಇಂಜೆಕ್ಟರ್ ಹಿಡಿದುಕೊಂಡು. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿತ್ತು, ಮೂರರ ತನಕ ಕಾದೆ. ನೀವು ಹೋಗುವುದಾದರೆ ಇಂಜೆಕ್ಟರ್ ಬಿಚ್ಚಿಸಿಕೊಂಡೇ ಹೋಗಿ, ಅಲ್ಲಿ ಬೈಕ್ ಮುಟ್ಟುವುದಿಲ್ಲ. ಸೀಮೆಸುಣ್ಣ ಮಾತ್ರ ಒಯ್ಯಬೇಕಿಲ್ಲ, ಅವರ ಹತ್ತಿರವೇ ಇದೆ.