ಪಿಯಾನೊ ಕ್ಯಾಸೆಟ್ಟುಗಳನ್ನು ಮಿಡಿ ಫೈಲ್ ಮಾಡಿಸಲು ಕೊಡುವ ಮುನ್ನ

ಮೈಸೂರಿನ ಸರಸ್ವತೀಪುರಂನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳಿಗೆ ಪಿಯಾನೊ ಹೇಳಿಕೊಟ್ಟ ನಮ್ಮ ದೊಡ್ಡಮ್ಮ, ಪಾಠಕ್ಕೆಂದು ತಾವೇ ಕಟ್ಟಿದ ಹದಿನಾಲ್ಕು ಪುಟ್ಟ ರಚನೆಗಳನ್ನು ಎಂದೂ ಬರೆದಿಡಲಿಲ್ಲ. ಅವು ಉಳಿದಿದ್ದುದು ಮನೆಯಲ್ಲೇ ಧ್ವನಿಮುದ್ರಿಸಿದ ಮೂರು ಕ್ಯಾಸೆಟ್ಟುಗಳಲ್ಲಿ ಮಾತ್ರ. ಈಗ ಅವರ ಬೆರಳುಗಳು ಮಡಚುವುದಿಲ್ಲ. ಆ ರಚನೆಗಳನ್ನು ಸ್ಟಾಫ್ ನೊಟೇಶನ್ನಿನಲ್ಲಿ (ಐದು ಗೆರೆಗಳ ಮೇಲೆ ಸ್ವರ ಬರೆಯುವ ಪಾಶ್ಚಾತ್ಯ ಲಿಪಿಯಲ್ಲಿ) ಮುದ್ರಿಸಿ ಅವರ ಕೈಗಿಡಬೇಕೆಂದು ಹೊರಟ ನಾನು, ನಗರದ ಒಂದು ಸ್ಟುಡಿಯೊದವರ ಮಾತು ನಂಬಿ ಏಳು ಸಾವಿರ ರೂಪಾಯಿಯನ್ನೂ, ಅದಕ್ಕಿಂತ ದೊಡ್ಡದಾಗಿ ಒಂದು ಕ್ಯಾಸೆಟ್ಟಿನ ಒಂದಷ್ಟು ಭಾಗವನ್ನೂ ಕಳೆದುಕೊಂಡೆ.

"ಕೊಟ್ಟು ಹೋಗಿ ಸಾರ್, ವಾರದಲ್ಲಿ ನೂರಕ್ಕೆ ನೂರು ಸರಿಯಿರೋ ಮಿಡಿ ಫೈಲ್ ಸಿಗುತ್ತೆ, ಬೇಕಾದ ಹಾಗೆ ತಿದ್ದಿಕೊಳ್ಳಬಹುದು" ಎಂದರು. ಮಾದರಿಯೆಂದು ಅವರು ಕೇಳಿಸಿದ್ದು ಒಂದೇ ಕೈಯಲ್ಲಿ ನಿಧಾನವಾಗಿ ನುಡಿಸಿದ, ಸದ್ದುಗದ್ದಲವಿಲ್ಲದ ತುಣುಕು. ಆಗಲೇ ನಾನು ನಮ್ಮ ಕ್ಯಾಸೆಟ್ಟಿನಿಂದಲೇ ಒಂದು ನಿಮಿಷವನ್ನು ಮಾಡಿ ತೋರಿಸಿ ಎಂದು ಕೇಳಬೇಕಿತ್ತು.

1983ರಲ್ಲಿ ಬಂದ ಮಿಡಿ ಎಂಬ ವ್ಯವಸ್ಥೆಯ ಫೈಲಿನಲ್ಲಿ ಧ್ವನಿಯೇ ಇರುವುದಿಲ್ಲ. ಪಿಯಾನೊದ ಯಾವ ಮನೆಯನ್ನು (ಕೀಲಿಯನ್ನು) ಯಾವಾಗ, ಎಷ್ಟು ಬಲವಾಗಿ ಒತ್ತಿದರು, ಯಾವಾಗ ಬಿಟ್ಟರು ಎಂಬ ಲೆಕ್ಕ ಮಾತ್ರ ಇರುತ್ತದೆ. ಪಿಯಾನೊದ 88 ಮನೆಗಳಿಗೆ ಅದರಲ್ಲಿ 21ರಿಂದ 108ರವರೆಗಿನ ಸಂಖ್ಯೆಗಳು. ಅದನ್ನು ತಿದ್ದಲು, ನೊಟೇಶನ್ನಾಗಿ ತೆರೆಯಲು ಬರುವುದು ಇದರಿಂದಲೇ. ಆದರೆ ಹತ್ತು ಬೆರಳುಗಳ ನಾದ ಬೆರೆತು ಹೋದ ಧ್ವನಿಯಿಂದ ಈ ಲೆಕ್ಕವನ್ನು ಹಿಂದಕ್ಕೆ ತೆಗೆಯುವಾಗ ತಂತ್ರಾಂಶ ಮಾಡುವುದು ಬರೀ ಊಹೆ.

ಅವರು ಕೊಟ್ಟ ಫೈಲನ್ನು ಸ್ಟುಡಿಯೊದಲ್ಲಿ ಕೇಳಿದಾಗ ಎಲ್ಲವೂ ಚೆನ್ನಾಗಿಯೇ ಇತ್ತು. ಮನೆಗೆ ಬಂದು, ನೊಟೇಶನ್ ತೋರಿಸುವ ತಂತ್ರಾಂಶವಾದ ಮ್ಯೂಸ್‌ಸ್ಕೋರ್‌ನಲ್ಲಿ ತೆರೆದ ಮೇಲೆ ನಿಜಸ್ಥಿತಿ ತಿಳಿಯಿತು. ಮೊದಲ ರಚನೆಯ ಆರಂಭದಲ್ಲಿ ಎಡಗೈ ಒಂದೇ ಒಂದು ತಗ್ಗಿನ 'ಸಿ' ನುಡಿಸುತ್ತದೆ; ಹಾಳೆಯಲ್ಲಿ ಅದರ ಜೊತೆಗೆ ಒಂದು ಸ್ಥಾಯಿ ಮೇಲಿನ 'ಸಿ', ಅದರ ಮೇಲಿನ 'ಜಿ' ಕೂಡ ಕುಳಿತಿದ್ದವು. ತಂಬೂರಿಯ ಮಂದ್ರ ತಂತಿಯನ್ನು ಮೀಟಿದಾಗ ಯಾರೂ ನುಡಿಸದ ಅಂತರ ಗಾಂಧಾರ ತಾನಾಗಿ ಕೇಳಿಬರುವುದನ್ನು ನಾವೆಲ್ಲ ಬಲ್ಲೆವು. ಪಿಯಾನೊ ತಂತಿಯಲ್ಲಿಯೂ ಅಂಥ ಅನುಸ್ವರಗಳಿದ್ದು, ತಂತ್ರಾಂಶ ಅವನ್ನು ಒತ್ತಿದ ಮನೆಗಳೆಂದೇ ಬರೆದಿತ್ತು. ನಿಜವಾದ ಸ್ವರಗಳ ನಡುವೆ ಇವು ಕಿವಿಗೆ ಹಿತವಾಗಿಯೇ ಸೇರಿಕೊಳ್ಳುವುದರಿಂದ ಕೇಳಿ ಪರೀಕ್ಷಿಸಿದರೆ ಸಿಕ್ಕುವುದಿಲ್ಲ.

ಇನ್ನೊಂದು ತೊಂದರೆ ಟೇಪಿನ ವೇಗದ್ದು. ಕ್ಯಾಸೆಟ್ ನೂರಕ್ಕೆ ಮೂರರಷ್ಟು ಬೇಗ ಓಡಿದರೂ ಪ್ರತಿ ಸ್ವರ ಸುಮಾರು ಅರ್ಧ ಸೆಮಿಟೋನ್ (ಪಕ್ಕಪಕ್ಕದ ಎರಡು ಮನೆಗಳ ಅಂತರ ಒಂದು ಸೆಮಿಟೋನ್) ಏರಿ ಎರಡು ಮನೆಗಳ ನಡುವೆ ನಿಲ್ಲುತ್ತದೆ. ಎರಡನೆಯ ಕ್ಯಾಸೆಟ್ಟಿನ ಫೈಲಿನಲ್ಲಿ ಒಂದೇ ಸ್ವರ ಒಮ್ಮೆ 'ಎಫ್', ಒಮ್ಮೆ 'ಎಫ್ ಶಾರ್ಪ್' ಆದದ್ದು ಹೀಗೆ. ಕಂಪ್ಯೂಟರಿಗೆ ಹಾಕಿದ ಮೇಲೆ ವೇಗವನ್ನು ಸರಿಪಡಿಸಿ ಮುಂದುವರಿಯುವುದು ಕಷ್ಟದ ಕೆಲಸವೇನಲ್ಲ. ಅವರು ಮಾಡಲಿಲ್ಲ, ಅಷ್ಟೆ. ತಾಳದ ಗತಿ ಇನ್ನೂ ಕೆಟ್ಟಿತ್ತು. ದೊಡ್ಡಮ್ಮ ಸಂಗೀತದ ಒಂದೊಂದು ವಾಕ್ಯದ ಕೊನೆಯಲ್ಲಿ ಕೊಂಚ ತಡೆದು ನುಡಿಸುವವರು. ಫೈಲು ಮಾತ್ರ ನಿಮಿಷಕ್ಕೆ 120 ಬಡಿತ ಎಂಬ ಒಂದೇ ಗತಿಯಲ್ಲಿದ್ದುದರಿಂದ ತಾಳದ ಆವರ್ತಗಳನ್ನು ಬೇರ್ಪಡಿಸುವ ಬಾರ್ ಗೆರೆಗಳು ಎಲ್ಲೆಲ್ಲೋ ಬಿದ್ದು, ಸರಳವಾದ ಮಕ್ಕಳ ಪಾಠ ಚೂರುಚೂರು ಸ್ವರಗಳ ಪುಟವಾಗಿತ್ತು.

ಮರಳಿ ಹೋಗಿ ಕೇಳಿದಾಗ "ಆಡಿಯೊದಲ್ಲಿ ಇದ್ದದ್ದೇ ಬಂದಿದೆ" ಎಂದು ಕೈತೊಳೆದುಕೊಂಡರು. ಮೂರನೆಯ ಕ್ಯಾಸೆಟ್ಟಿನ ಟೇಪು ಸುಕ್ಕುಗಟ್ಟಿ ಬಂದಿತ್ತು. ಅದರ ಮೂಲ ಆಡಿಯೊ ಕೊಡಿ ಎಂದರೆ, ಗದ್ದಲ ತೆಗೆಯುವ ಭರದಲ್ಲಿ ಸ್ವರಗಳ ಬಾಲವನ್ನೇ ಕತ್ತರಿಸಿದ ಎಂಪಿ3 ಕೊಟ್ಟರು.

ಆದ್ದರಿಂದ ದಯವಿಟ್ಟು ಮೂಲ ಕ್ಯಾಸೆಟ್ಟನ್ನು ಯಾರ ಕೈಗೂ ಬಿಟ್ಟು ಬರಬೇಡಿ. ಎದುರಿಗೇ ಕುಳಿತು ಧ್ವನಿಯನ್ನು ಕುಗ್ಗಿಸದ ವೇವ್ ಫೈಲಾಗಿ ಇಳಿಸಿಕೊಂಡು ಅದರ ಪ್ರತಿಯನ್ನಷ್ಟೇ ಕೊಡಿ, ವಾಟ್ಸ್ಆ್ಯಪ್‌ನಲ್ಲಿ ಧ್ವನಿಸಂದೇಶವಾಗಿ ಕಳುಹಿಸಬೇಡಿ, ಅದು ಧ್ವನಿಯನ್ನು ಕುಗ್ಗಿಸುತ್ತದೆ. ಸ್ವರವನ್ನು ಹಿಡಿದಿಡುವ ಪೆಡಲ್ ಹೆಚ್ಚಿರುವ, ಎರಡೂ ಕೈ ದಟ್ಟವಾಗಿ ಓಡುವ ನಿಮಿಷವನ್ನೇ ಮಾದರಿಗೆ ಆರಿಸಿ, ಬಂದ ಫೈಲನ್ನು ನೊಟೇಶನ್ನಿನಲ್ಲಿ ತೆರೆದು ನೋಡಿದ ಮೇಲೆಯೇ ಮುಂಗಡ ಕೊಡಿ. ತಂತ್ರಾಂಶ ತೆಗೆದ ಕರಡನ್ನು ಪಿಯಾನೊ ಬಲ್ಲವರು ಕುಳಿತು ತಿದ್ದುತ್ತಾರೆಯೇ ಎಂದು ಬರಹದಲ್ಲಿ ಕೇಳಿ. ಕರಡಷ್ಟೇ ಸಾಕೆನ್ನುವವರಿಗೆ ಸ್ಪಾಟಿಫೈ ಸಂಸ್ಥೆ 2022ರಲ್ಲಿ ಹೊರತಂದ ಬೇಸಿಕ್ ಪಿಚ್ ಎಂಬ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ.

ಉಳಿದೆರಡು ಕ್ಯಾಸೆಟ್ಟುಗಳನ್ನು ನಾನೇ ಮತ್ತೆ ಇಳಿಸಿಕೊಂಡು, ಕರಡು ತೆಗೆದು, ಸಂಜೆ ಹೊತ್ತು ದೊಡ್ಡಮ್ಮನವರ ಪಕ್ಕದಲ್ಲಿ ಕುಳಿತು ತಿದ್ದುತ್ತಿದ್ದೇನೆ. "ಇದು ನಾನು ಒತ್ತಿದ್ದಲ್ಲ ಪುಟ್ಟಾ, ತೆಗಿ" ಎಂದು ಅವರು ಪರದೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಸುಕ್ಕಾದ ಟೇಪಿನಲ್ಲಿದ್ದ ಕೊನೆಯ ರಚನೆಯ ನಾಲ್ಕು ಬಾರ್‌ಗಳಲ್ಲಿ ಎಡಗೈ ಏನು ನುಡಿಸುತ್ತಿತ್ತೆಂಬುದು ಅವರಿಗೂ ನೆನಪಾಗುತ್ತಿಲ್ಲ. ಆ ಜಾಗವನ್ನು ಹಾಗೆಯೇ ಖಾಲಿ ಬಿಟ್ಟಿದ್ದೇವೆ.