ಬದುವೋ, ಲಾವಂಚವೋ? ಇಳಿಜಾರಿನ ಹೊಲದಲ್ಲಿ ನಾಲ್ಕನ್ನೂ ಹಾಕಿ ನೋಡಿದ್ದು

ಮಧುಗಿರಿ ಕಡೆಯ ನಮ್ಮ ಹೊಲ ಕೆಂಪು ಮಣ್ಣಿನದು, ಇಳಿಜಾರು ಜಾಸ್ತಿ. ರಾಗಿ, ಅದರ ಜೊತೆ ಅಕ್ಕಡಿ ಸಾಲಲ್ಲಿ ಅವರೆ, ತೊಗರಿ ಹಾಕುತ್ತೇವೆ. ಉತ್ತರೆ, ಹಸ್ತದ ಮಳೆ ಒಮ್ಮೆಲೇ ಸುರಿದರೆ ನೀರು ಕೆಂಪಗೆ ಹರಿದು ಹೋಗುತ್ತದೆ. ಕೊಟ್ಟ ಗೊಬ್ಬರವೆಲ್ಲ ಇರುವುದು ಆ ಮೇಲ್ಮಣ್ಣಲ್ಲೇ ಅಲ್ವಾ? ಅದನ್ನು ಹಿಡಿದಿಡಲು ಒಂದೇ ಹೊಲದ ಬೇರೆ ಬೇರೆ ಪಟ್ಟಿಗಳಲ್ಲಿ ಮಣ್ಣಿನ ಬದು, ಕಲ್ಲಿನ ಬದು, ನೇಪಿಯರ್ ಹುಲ್ಲು, ಲಾವಂಚ (ಬೇರಿಗೆ ಸುವಾಸನೆ ಇರುವ ವೆಟಿವರ್ ಹುಲ್ಲು) ಎಲ್ಲ ಹಾಕಿ ನೋಡಿದ್ದೇನೆ. ನನ್ನ ಒಲವು ಲಾವಂಚದ ಕಡೆಗೆ.

ಮಣ್ಣಿನ ಬದು ಬೇಗ ಆಗುತ್ತದೆ. ಉದ್ಯೋಗ ಖಾತ್ರಿಯಲ್ಲೂ ಮಾಡಿಸಿಕೊಳ್ಳಬಹುದು. ಮೊದಲ ಮಳೆಗೇ ನೀರು ನಿಂತು ಇಂಗುವುದು ಕಣ್ಣಿಗೆ ಕಾಣುತ್ತದೆ. ಕಷ್ಟ ಶುರುವಾಗುವುದು ದೊಡ್ಡ ಮಳೆಗೆ. ನಿಂತ ನೀರು ತಗ್ಗು ಹುಡುಕುತ್ತದೆ. ಇಲಿ ಬಿಲ ಇದ್ದರೆ ಅಲ್ಲಿಂದಲೇ ಕಿತ್ತುಕೊಂಡು ಹೋಗುತ್ತದೆ. ಒಂದು ಕಡೆ ಒಡೆದರೆ ಅಷ್ಟು ಹೊತ್ತು ಕೂಡಿದ್ದ ನೀರೆಲ್ಲ ಅದೇ ಕಂಡಿಯಲ್ಲಿ ನುಗ್ಗಿ ಕೆಳಗಿನ ಪಟ್ಟಿಯಲ್ಲಿ ಕೊರಕಲು ಬೀಳುತ್ತದೆ. ಹೆಚ್ಚಾದ ನೀರು ಹೊರಗೆ ಹೋಗಲು ಕೋಡಿ ಬಿಟ್ಟು ಅದಕ್ಕೆ ಕಲ್ಲು ಹಾಸಲೇಬೇಕು. ಪ್ರತಿ ಬೇಸಿಗೆ ರಿಪೇರಿಯೂ ತಪ್ಪಿದ್ದಲ್ಲ.

ಲಾವಂಚ ನೀರನ್ನು ಕಟ್ಟಿ ನಿಲ್ಲಿಸುವುದಿಲ್ಲ. ಒತ್ತಾಗಿ ಬೆಳೆದ ಬುಡದ ನಡುವೆ ನೀರು ಸೋಸಿಕೊಂಡು ನಿಧಾನವಾಗಿ ಇಳಿಯುತ್ತದೆ, ಮಣ್ಣು ಮೇಲ್ಬದಿಯಲ್ಲೇ ಉಳಿಯುತ್ತದೆ. ವರ್ಷಗಳು ಕಳೆದಂತೆ ಅಲ್ಲಿ ಮಣ್ಣು ಕೂತು ತಾನಾಗಿಯೇ ಮೆಟ್ಟಿಲು ಆಗುತ್ತದೆ. ಹೂತುಹೋದರೂ ಹುಲ್ಲು ಮತ್ತೆ ಮೇಲೆದ್ದು ಬರುತ್ತದೆ. ಬೇರು ನೇರ ಕೆಳಗೆ 2–3 ಮೀಟರ್ ಇಳಿಯುವುದರಿಂದ ಪಕ್ಕದ ರಾಗಿ ಸಾಲಿಗೆ ಅಷ್ಟೇನೂ ತೊಂದರೆ ಕಾಣಲಿಲ್ಲ. ನಮ್ಮಲ್ಲಿನ ಲಾವಂಚ ಬೀಜ ಬಿದ್ದು ಹೊಲಕ್ಕೆ ಹಬ್ಬುವ ಜಾತಿಯೂ ಅಲ್ಲ. ಗುಂಡ್ಲುಪೇಟೆ ಕಡೆಯ ರೈತರು ಹೊಲದ ಎಲ್ಲೆಗೆ ಹಿಂದಿನಿಂದಲೂ ಇದನ್ನೇ ನೆಟ್ಟವರು. ವಿಶ್ವಬ್ಯಾಂಕಿನವರು 1980ರ ದಶಕದಲ್ಲಿ ಇದನ್ನು ಎತ್ತಿಕೊಂಡು ಬೇರೆ ದೇಶಗಳಿಗೆಲ್ಲ ಹೇಳಿದರು.

ಆದರೆ ಮೊದಲ ವರ್ಷ ಲಾವಂಚವನ್ನು ನಂಬಿ ಕೂರಬೇಡಿ. ಬುಡ ಸೀಳಿ, 10–15 ಸೆಂಟಿಮೀಟರಿಗೊಂದು ತೆಂಡೆ (ಬುಡದಿಂದ ಒಡೆದ ಮರಿ) ನೆಡಬೇಕು. ಒಂದು ಸತ್ತರೂ ಆ ಸಂದಿಯಲ್ಲೇ ನೀರು ನುಗ್ಗುತ್ತದೆ, ಕೂಡಲೇ ತುಂಬಿಸಬೇಕು. ಮಳೆ ಹಿಡಿದ ಮೇಲೆ ನೆಟ್ಟರೆ ಒಳ್ಳೆಯದು. ಆಮೇಲೆ ಮೊಣಕಾಲೆತ್ತರಕ್ಕೆ ಕತ್ತರಿಸುತ್ತಿದ್ದರೆ ತೆಂಡೆ ಜಾಸ್ತಿ ಒಡೆಯುತ್ತದೆ. ಬೇರಿಗೆ ಬೆಲೆ ಇದೆ ಅಂತ ಬದುವಿನ ಲಾವಂಚ ಕೀಳುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಬೇರು ಬೇಕಿದ್ದರೆ ಬೇರೆ ಜಾಗದಲ್ಲಿ ಬೆಳೆಯಲಿ.

ನೇಪಿಯರ್ ಹಸುಗಳಿಗೆ ಹಬ್ಬ. ಲಾವಂಚದ ಎಳೆ ಗರಿ ಬಿಟ್ಟರೆ ಬಲಿತದ್ದನ್ನು ದನ ಅಷ್ಟಾಗಿ ಮುಟ್ಟುವುದಿಲ್ಲ, ಹಾಗಾಗಿ ಹಾಲಿನ ಮನೆಯವರು ನೇಪಿಯರನ್ನೇ ಕೇಳುತ್ತಾರೆ. ನಮ್ಮ ಮೇಲಿನ ಪಟ್ಟಿಯಲ್ಲಿ ಅದು ಬೇಸಿಗೆಗೆ ಒಣಗಿ ಸಂದಿ ಬಿತ್ತು. ಪಕ್ಕದ ರಾಗಿಯೂ ಸೊರಗಿತು. ತಗ್ಗಿನ ತೇವದ ಜಾಗದಲ್ಲಿ ಮಾತ್ರ ಚೆನ್ನಾಗಿದೆ, ಅಲ್ಲೇ ಉಳಿಸಿಕೊಂಡಿದ್ದೇವೆ.

ಕಲ್ಲಿನ ಬದು ಗಟ್ಟಿ, ನೀರೂ ಸೋರುತ್ತದೆ. ಹೊಲದಲ್ಲೇ ಕಲ್ಲು ಆರಿಸುವಷ್ಟು ಇದ್ದರೆ ಕಟ್ಟಿ. ಹೊರಗಿಂದ ಟ್ರ್ಯಾಕ್ಟರಿನಲ್ಲಿ ತರಿಸುವುದಾದರೆ ಆ ದುಡ್ಡು ದಂಡ.

ಯಾವುದನ್ನೇ ಹಾಕಿ, ಹಾಕುವ ಗೆರೆ ಉದ್ದಕ್ಕೂ ಒಂದೇ ಮಟ್ಟದಲ್ಲಿರಬೇಕು. ಪಾರದರ್ಶಕ ಪೈಪಿಗೆ ನೀರು ತುಂಬಿ ಎರಡು ತುದಿಯಲ್ಲೂ ನೀರು ನೆಲದಿಂದ ಒಂದೇ ಎತ್ತರದಲ್ಲಿದೆಯಾ ಅಂತ ನೋಡಿದರೆ ಸಾಕು. ಉಳುಮೆಯೂ ಇಳಿಜಾರಿಗೆ ಅಡ್ಡಲಾಗಿರಲಿ. ಬಳ್ಳಾರಿ ಕಡೆಯ ಕರಿಮಣ್ಣಿನವರಿಗೆ ಮಾತ್ರ ಈ ಲೆಕ್ಕ ಬೇರೆ. ಅಲ್ಲಿ ನೀರು ಬೇಗ ಇಂಗುವುದಿಲ್ಲ, ಮಟ್ಟದ ಬದು ಹಾಕಿದರೆ ನೀರು ನಿಂತು ಬೆಳೆ ಹಾಳಾಗುತ್ತದೆ. ಬದುವಿಗೆ ಸ್ವಲ್ಪ ವಾಟ ಕೊಟ್ಟು ನೀರನ್ನು ಪಕ್ಕಕ್ಕೆ ಇಳಿಸಬೇಕು.

ಬರುವ ಮುಂಗಾರಿಗೆ ನಮ್ಮ ಹಳೆಯ ಮಣ್ಣಿನ ಬದುಗಳ ಮೇಲೂ ಲಾವಂಚ ಕೂರಿಸುತ್ತೇವೆ. ಹುಲ್ಲು ಹಿಡಿಯುವ ತನಕ ಬದು ಕಾಯುತ್ತದೆ, ಆಮೇಲೆ ಬದುವನ್ನು ಹುಲ್ಲು ಕಾಯುತ್ತದೆ. ಕೋಡಿಯ ಎರಡು ಪಕ್ಕದಲ್ಲಿ ಜೋಡಿ ಸಾಲು ಹಾಕುವುದು ಅಂತ ತೀರ್ಮಾನ ಆಗಿದೆ.